ಸೆರಗಿನ ಕೊನೆಯ ಎಳೆ

ಚಿಮಟ ಹಿಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಸ್ಟಾಫ್ ರೂಮಿನಲ್ಲಿ ಒಂದೆರಡು ಸಲ ಈ ಸಂಗತಿ ಹೇಳುವಾಗ, ದಾರ ತಾನಾಗಿಯೇ ಹೋಗಿ ಬೆಂಕಿಗೆ ಬಿತ್ತೇನೋ ಎಂಬಂತೆ ಹೇಳಿದ್ದೇನೆ. ಹಾಗಾಗಲಿಲ್ಲ. ಮೇಣದ ಬತ್ತಿ ಹಚ್ಚಿದವನು, ದಾರ ಹಿಡಿದವನು, ಮಕ್ಕಳನ್ನು ಹತ್ತಿರ ಕರೆದು ನಿಲ್ಲಿಸಿದವನು ನಾನೇ.

ಇಳಕಲ್ಲಿನ ಒಂದು ಪ್ರೌಢಶಾಲೆಯಲ್ಲಿ ನಾನು ಕೈಕೆಲಸದ ಮಾಸ್ತರ. ಆ ವರ್ಷ ಒಂಬತ್ತನೆಯ ತರಗತಿಗೆ ‘ವಿನ್ಯಾಸ ಮತ್ತು ತಂತ್ರಜ್ಞಾನ’ ಎಂಬ ಹೊಸ ವಿಷಯ ಬಂತು. ಹೆಡ್ ಮಾಸ್ತರರು ಇದನ್ನು ಯಾರಿಗೆ ಕೊಡುವುದೆಂದು ಸುತ್ತ ನೋಡಿ, ಶಾಲೆಯಲ್ಲಿ ಗರಗಸ ಹಿಡಿಯಲು ಬರುವವನು ಇವನೊಬ್ಬನೇ ಎಂದು ನನ್ನ ಕೊರಳಿಗೆ ಕಟ್ಟಿದರು. ಅದರಲ್ಲಿ ಮೂರು ಭಾಗಗಳಿದ್ದವು: ವಸ್ತುಗಳು, ಅವುಗಳಿಂದ ಸಾಮಾನು ತಯಾರಿಸುವ ವಿಧಾನಗಳು, ವಿನ್ಯಾಸದ ಚಳವಳಿಗಳು. ಮೊದಲೆರಡಕ್ಕೆ ನನಗೆ ಹೆದರಿಕೆ ಇರಲಿಲ್ಲ. ನನ್ನ ಅಬ್ಬಾ ಗ್ರಾನೈಟ್ ಪಾಲಿಶ್ ಕೆಲಸದಲ್ಲೇ ವಯಸ್ಸು ಕಳೆದವರು. ಹಲಗೆಗಲ್ಲನ್ನು ಸಣ್ಣ ಸುತ್ತಿಗೆಯಿಂದ ಬಡಿದು, ಸಪ್ಪಳ ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದರು. ಹೊಸ ವಿಷಯ ಬಂದ ಹುರುಪಿನಲ್ಲಿ ನಾನು ಮನೆಯ ಗಡಿಗೆ, ಬಾಗಿಲು, ಟಿಫಿನ್ ಡಬ್ಬಿ ಎಲ್ಲವನ್ನೂ ಬಡಿದು ನೋಡುತ್ತ ಓಡಾಡುವಾಗ ಅವರು ನಕ್ಕಿದ್ದರು. ಕಲ್ಲನ್ನು ಬಡಿದು ನೋಡು, ಮನುಷ್ಯರನ್ನು ಬಡಿದು ನೋಡಬೇಡ ಅಂದಿದ್ದರು. ನಾನೂ ನಕ್ಕಿದ್ದೆ.

ಮಾದರಿಗಳನ್ನು ಕೂಡಿಸಲು ಭಾನುವಾರಗಳೆಲ್ಲ ಹೋದವು. ಬಾದಾಮಿಯಿಂದ ಕೆಂಪು ಮರಳುಗಲ್ಲಿನ ಚೂರು ತಂದೆ. ಕುಳಗೇರಿ ಕ್ರಾಸಿನ ಬಡಿಗನೊಬ್ಬನ ಅಂಗಡಿಯಿಂದ ಸಾಗವಾನಿ, ಬೇವು, ಜಾಲಿಯ ತುಂಡುಗಳನ್ನು ತಂದೆ. ಎಲ್ಲವನ್ನೂ ಒಂದು ಹಲಗೆಗೆ ಅಂಟಿಸಿದರೆ ಮರುದಿನ ಕಲ್ಲೆಲ್ಲ ಕಳಚಿ ನೆಲದ ಮೇಲಿದ್ದವು. ಕಲ್ಲಿಗೆ ಬೇರೆ ಅಂಟು, ಮರಕ್ಕೆ ಬೇರೆ ಅಂಟು ಎಂಬ ಪಾಠ ಮಕ್ಕಳಿಗಿಂತ ಮೊದಲು ನನಗಾಯಿತು.

ಮೂರನೆಯ ಭಾಗವನ್ನು ನಾನು ಪುಸ್ತಕ ಓದಿಯೇ ಕಲಿತೆ. ಯಂತ್ರಗಳು ಬಂದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕೈಕಸುಬಿನ ಪರವಾಗಿ ಎದ್ದವರು, ಆಮೇಲೆ ಜರ್ಮನಿಯಲ್ಲಿ ಯಂತ್ರಕ್ಕೂ ಅಂದಕ್ಕೂ ನಂಟು ಬೆಸೆಯಲು ಹೊರಟವರು. ಅವರು ಹೇಳಿದ್ದರಲ್ಲಿ ಒಂದು ಮಾತು ನನ್ನ ತಲೆಗೆ ಹತ್ತಿ ಕುಳಿತಿತು. ವಸ್ತು ತಾನು ಏನೋ ಅದೇ ಆಗಿ ಕಾಣಬೇಕು, ಇನ್ನೊಂದರ ವೇಷ ಹಾಕಬಾರದು ಎಂಬುದು. ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಚ್ಚಿದೆ. ನಮ್ಮ ತರಗತಿಯ ಮೇಜು ನೋಡಲು ಸಾಗವಾನಿ, ಒಳಗೆ ಒತ್ತಿ ಮಾಡಿದ ಮರದ ಪುಡಿ. ಮೇಲಿನ ಹಾಳೆಯ ಮೂಲೆ ಕಿತ್ತು ತೋರಿಸಿ, ನೋಡಿ ಇದು ಸುಳ್ಳು ಮೇಜು ಅಂದೆ. ಮಕ್ಕಳು ಹೋ ಎಂದು ನಕ್ಕರು. ಅಂಥ ನಗು ಒಮ್ಮೆ ಸಿಕ್ಕರೆ ಮಾಸ್ತರನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ.

ದಾರದ ಪಾಠ ಬಂದಾಗ ನನ್ನ ಬಂಡವಾಳ ಮುಗಿದಿತ್ತು. ಕಲ್ಲು ಗೊತ್ತು, ಮರ ಗೊತ್ತು, ನೂಲು ನನಗೆ ಗೊತ್ತಿರಲಿಲ್ಲ. ಆಗ ಕೈ ಹಿಡಿದವಳು ಎರಡನೆಯ ಬೆಂಚಿನ ಒಬ್ಬ ಹುಡುಗಿ. ಅವಳ ಅಪ್ಪ ಮನೆಯಲ್ಲೇ ಮಗ್ಗ ಇಟ್ಟುಕೊಂಡ ನೇಕಾರ. ಅವ್ವ ತೀರಿ ಎರಡು ವರ್ಷವಾಗಿತ್ತು. ಅವ್ವ ಇದ್ದಾಗ ಲಾಳಿಯೊಳಗಿಡುವ ನೂಲಿನ ಕಂಡಿಕೆಗಳನ್ನು ಅವಳೇ ಸುತ್ತುತ್ತಿದ್ದಳು. ಈಗ ಶಾಲೆ ಬಿಟ್ಟ ಮೇಲೆ ಆ ಕೆಲಸ ಮಗಳದ್ದು. ಹತ್ತಿಯನ್ನು ಹೇಗೆ ಹಿಡಿಯಬೇಕು, ಎಳೆ ಕಡಿದರೆ ಗಂಟು ಕಾಣದಂತೆ ಹೇಗೆ ಕೂಡಿಸಬೇಕು, ಎಲ್ಲ ಅವಳೇ ತೋರಿಸಿದಳು. ಅಸಲು ರೇಷ್ಮೆ ನೂಲಿನ ಸುರುಳಿಯನ್ನು, ಅಂದರೆ ಲಡಿಯನ್ನು, ಮುಷ್ಟಿಯಲ್ಲಿ ಹಿಂಡಿದರೆ ಕಿರ್ ಎಂದು ಸಪ್ಪಳ ಬರುತ್ತದೆ, ಚಮಕಾ ಹಿಂಡಿದರೆ ಬರುವುದಿಲ್ಲ ಎಂದು ತರಗತಿಗೆ ಹೇಳಿಕೊಟ್ಟವಳೂ ಅವಳೇ. ಚಮಕಾ ಎಂದರೆ ನಮ್ಮ ಊರಿನಲ್ಲಿ ನಕಲಿ ರೇಷ್ಮೆ, ಮರದ ತಿರುಳಿನಿಂದ ಮಾಡಿದ ನೂಲು. ಅವ್ವ ಕಲಿಸಿದ್ದು ಅಂದಳು.

ಆ ಹೊತ್ತಿಗೆ ಬಾಗಲಕೋಟೆಯಲ್ಲಿ ಶಾಲೆಗಳ ವಸ್ತುಪ್ರದರ್ಶನ ಎಂದು ಸುತ್ತೋಲೆ ಬಂತು. ಇಳಕಲ್ ಸೀರೆಯ ಎಳೆಗಳು ಎಂಬ ಹಲಗೆ ಮಾಡುವುದು, ಇದೇ ಹುಡುಗಿ ಅದರ ಮುಂದೆ ನಿಂತು ವಿವರಿಸುವುದು ಎಂದು ನಿಶ್ಚಯಿಸಿದೆವು. ಅವಳಿಗೆ ಜವಳಿ ಡಿಪ್ಲೊಮಾ ಓದುವ ಆಸೆ. ಅಪ್ಪ ಅರ್ಧ ಒಪ್ಪಿದ್ದ, ಅರ್ಧ ಒಪ್ಪಿರಲಿಲ್ಲ. ಬಾಗಲಕೋಟೆಯಲ್ಲಿ ಮಗಳು ನಾಲ್ಕು ಜನರ ಮುಂದೆ ಮಾತಾಡುವುದನ್ನು ನೋಡಿದರೆ ಪೂರ್ತಿ ಒಪ್ಪುತ್ತಾನೆ ಎಂಬುದು ನಮ್ಮಿಬ್ಬರ ಲೆಕ್ಕಾಚಾರ.

ಅವರ ಮನೆಗೆ ನಾನೇ ಹೋದೆ. ಮಗ್ಗದ ಗುಣಿಯೊಳಗೆ ಕಾಲಿಳಿಸಿ ಕುಳಿತಿದ್ದ ನೇಕಾರ ನನ್ನನ್ನು ನೋಡಿ ಲಾಳಿ ಕೆಳಗಿಟ್ಟ. ಹಲಗೆಯ ಪಕ್ಕದಲ್ಲಿ ತೂಗುಹಾಕಲು ಒಂದು ಹಳೆಯ ಸೀರೆ ಬೇಕು ಅಂದೆ. ಮಗಳು ತಡಮಾಡದೆ ಅವ್ವನ ಧಾರೆ ಸೀರೆ ಎಂದಳು. ಅವನು ಗುಣಿಯಿಂದ ಎದ್ದು ಬಂದು, ಟ್ರಂಕು ತೆಗೆದು ಸೀರೆ ತಂದ. ಹತ್ತಿಯ ಕಪ್ಪು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಗೋಪುರದ ಸಾಲಿನಂತೆ ಬಿಳಿಯ ತೋಪು. ಮದುವೆಗೆಂದು ತಾನೇ ನೇಯ್ದದ್ದಂತೆ. ಸೆರಗು ಅಸಲು ರೇಷ್ಮೆ ಎಂದು ಮಗಳು ಹೇಳಿದಳು, ಓಣಿಯವರಿಗೆಲ್ಲ ಗೊತ್ತಿದ್ದ ಸಂಗತಿ. ಕೂಲಿ ನೇಕಾರನೊಬ್ಬ ಹೆಂಡತಿಗೆ ಅಸಲು ರೇಷ್ಮೆಯ ಸೆರಗು ನೇಯ್ದು ಉಡಿಸಿದ ಎಂಬುದನ್ನು ಹೆಂಗಸರು ತಮ್ಮ ಗಂಡಂದಿರಿಗೆ ಚುಚ್ಚಲು ಬಳಸುತ್ತಿದ್ದರಂತೆ. ಅವನು ನಗಲಿಲ್ಲ. ಸೀರೆಯನ್ನು ನನ್ನ ಕೈಗಿಡುವಾಗ ಒಂದೇ ಮಾತು ಹೇಳಿದ.

“ನೋಡಾಕ ಒಯ್ರಿ ಸರ. ಎಳಿ ಮಾತ್ರ ಕೀಳಬ್ಯಾಡ್ರಿ.”

ಆಗಲಿ ಅಂದೆ. ಹೆಂಡತಿಯ ನೆನಪು, ಅದಕ್ಕೇ ಹೀಗನ್ನುತ್ತಾನೆ ಅಂದುಕೊಂಡೆ. ಕಲ್ಲಿನ ಒಳಗಿನ ಬಿರುಕನ್ನು ಸಪ್ಪಳದಿಂದಲೇ ಗುರುತಿಸುವವರ ಮಗ ನಾನು. ಆ ಮಾತಿನ ಸಪ್ಪಳ ಮಾತ್ರ ನನಗೆ ಕೇಳಲಿಲ್ಲ.

ಹಲಗೆಗೆ ನಾಲ್ಕು ಎಳೆ ಬೇಕಿತ್ತು: ಹತ್ತಿ, ಪಾಲಿಯೆಸ್ಟರ್, ಚಮಕಾ, ರೇಷ್ಮೆ. ಪ್ರತಿಯೊಂದಕ್ಕೂ ಮೂರು ಪರೀಕ್ಷೆ. ಮೊದಲು ಭೂತಗನ್ನಡಿಯಲ್ಲಿ ನೋಡುವುದು. ಲಡಿಯಿಂದ ತೆಗೆದ ಹೊಸ ನೂಲು ನೆಟ್ಟಗಿರುತ್ತದೆ. ಬಟ್ಟೆಯಿಂದ ಬಿಡಿಸಿದ ಎಳೆ ಅಂಕುಡೊಂಕಾಗಿರುತ್ತದೆ, ಯಾಕೆಂದರೆ ಅದು ಇನ್ನೊಂದು ದಿಕ್ಕಿನ ಎಳೆಗಳ ಮೇಲೆ ಕೆಳಗೆ ಹಾಯ್ದು ಕುಳಿತಿರುತ್ತದೆ, ಎಷ್ಟು ವರ್ಷವಾದರೂ ಆ ಅಲೆ ಹೋಗುವುದಿಲ್ಲ. ಇದನ್ನು ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಎರಡು ಸಲ ಹೇಳಿದ್ದೆ. ಎರಡನೆಯದು ನೆನೆಸಿ ಎಳೆಯುವುದು, ಚಮಕಾ ನೀರು ಕುಡಿದರೆ ಬೇಗ ಹರಿಯುತ್ತದೆ. ಮೂರನೆಯದು ಸುಡುವುದು. ಹತ್ತಿ ಮತ್ತು ಚಮಕಾ ಕಾಗದದಂತೆ ಭರ್ರನೆ ಉರಿದು ಮೆತ್ತನೆಯ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಮಾತ್ರ ಉರಿಯಿಂದ ಹಿಂದೆ ಸರಿಯುತ್ತ, ಸುರುಟಿಕೊಂಡು, ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕರಿ ಉಂಡೆಯಾಗುತ್ತದೆ.

ಮೂರು ಎಳೆ ಸಿಕ್ಕವು. ಹುಡುಗಿ ಮೊದಲು ತಂದು ತೋರಿಸಿದ್ದ ರೇಷ್ಮೆಯ ಲಡಿ ಅವಳ ಅಪ್ಪನಿಗೆ ನೂಲು ಕೊಟ್ಟು ನೇಯಿಸುವ ಸಾಹುಕಾರರದ್ದು, ಅದರಿಂದ ಒಂದು ಮೊಳವನ್ನೂ ಮುಟ್ಟುವಂತಿರಲಿಲ್ಲ, ಅವತ್ತೇ ತಿರುಗಿ ಹೋಗಿತ್ತು. ಬೇರೆ ಲಡಿಗೆ ಹೇಳಿಟ್ಟಿದ್ದೆ, ಬರಲಿಲ್ಲ. ಇವತ್ತು, ನಾಳೆ ಎಂದು ವಾರ ಕಳೆಯಿತು. ಪಾಠ ನೋಡಲು ಹೆಡ್ ಮಾಸ್ತರರೂ ಬರುತ್ತೇನೆಂದು ಹೇಳಿದ ದಿನ ಬಂದೇ ಬಿಟ್ಟಿತು. ನನ್ನ ಮುಂದೆ ಮೂರು ಎಳೆಗಳು, ನಾಲ್ಕನೆಯ ಚೀಟಿಯ ಕೆಳಗೆ ಖಾಲಿ ಜಾಗ, ಪಕ್ಕದಲ್ಲಿ ಆ ಸೀರೆ.

ಸೆರಗಿನ ತುದಿಯಲ್ಲಿ, ಕುಚ್ಚು ಶುರುವಾಗುವಲ್ಲಿ, ಅಡ್ಡಕ್ಕೆ ಹಾಯ್ದ ಕೊನೆಯ ಎಳೆಯನ್ನು ತೆಗೆದರೆ ಸೀರೆಗೆ ಏನೂ ಆಗುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಹೀಗೆ ನನಗೆ ನಾನೇ ಹೇಳಿಕೊಂಡೆ. ಅವಳನ್ನು ಕೇಳಿದೆ ಕೂಡ, ಒಂದೇ ಎಳೆ, ತೆಗೆಯಲೇನು ಎಂದು. ಇಡೀ ತರಗತಿಯ ಮುಂದೆ, ಹೆಡ್ ಮಾಸ್ತರರ ಮುಂದೆ ಮಾಸ್ತರ ಕೇಳಿದರೆ ಯಾವ ಹುಡುಗಿ ಬೇಡ ಅನ್ನುತ್ತಾಳೆ? ಅವಳು ತನ್ನ ಕೈ ನೋಡಿಕೊಂಡು ಹೂಂ ಅಂದಳು. ಸೂಜಿಯಿಂದ ಎಳೆಯನ್ನು ಎತ್ತಿ ಬಿಡಿಸಿದವಳೂ ಅವಳೇ, ನನ್ನ ಕೈ ಒರಟು. ಗೇಣುದ್ದ ಕತ್ತರಿಸಿ ನನಗೆ ಕೊಟ್ಟು, ಉಳಿದದ್ದನ್ನು ಒಂದು ರಟ್ಟಿನ ಚೂರಿಗೆ ಸುತ್ತಿ, ಅದರ ಮೇಲೆ ‘ಅವ್ವನ ಸೆರಗು’ ಎಂದು ಬರೆದಿಟ್ಟಳು.

ರೇಷ್ಮೆ ಬೆಂಕಿಗೆ ಹೆದರಿ ಹೇಗೆ ಹಿಂದೆ ಸರಿಯುತ್ತದೆ ನೋಡಿ ಎಂದು ಹೇಳುತ್ತಲೇ ಎಳೆಯನ್ನು ಜ್ವಾಲೆಗೆ ಹಿಡಿದೆ. ಅದು ಸರಿಯಲಿಲ್ಲ. ಭರ್ರನೆ ಉರಿಯಿತು. ಚಿಮಟದ ತುದಿಯವರೆಗೂ ಬಂತು. ಕಾಗದ ಸುಟ್ಟ ವಾಸನೆ ಬಂತು, ಮೇಜಿನ ಮೇಲೆ ಚಿಟಿಕೆ ಬೂದಿ ಬಿತ್ತು. ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಚಮಕಾ ಅಂದರು. ನಾನೇ ಕಲಿಸಿದ ಪಾಠ, ಸರಿಯಾಗಿಯೇ ಕಲಿತಿದ್ದರು.

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಕೈಗೆ ಸಿಕ್ಕ ಫಲಿತಾಂಶವನ್ನು ಬಿಡಲಾಗದೆ, ಇನ್ನೊಂದು ತುಂಡು ನೆನೆಸಿ ಎಳೆದೆ. ಪಟ್ಟನೆ ಹರಿಯಿತು. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದೆ. ಅವಳು ಅಳುತ್ತಿರಲಿಲ್ಲ. ಸೀರೆಯನ್ನು ಹಳೆಯ ಮಡಿಕೆಗಳ ಮೇಲೇ ಮಡಿಕೆ ಬರುವಂತೆ, ಒಂದೊಂದಾಗಿ, ಬಹಳ ನಿಧಾನವಾಗಿ ಮಡಚುತ್ತಿದ್ದಳು. ಅವಳ ತಲೆಯ ಮೇಲೆ, ಗೋಡೆಯಲ್ಲಿ, ನಾನು ದಪ್ಪ ಅಕ್ಷರದಲ್ಲಿ ಬರೆಸಿದ ಮಾತಿತ್ತು. ಪಾಠ ಚೆನ್ನಾಗಿತ್ತು ಎಂದು ಹೇಳಿ ಹೆಡ್ ಮಾಸ್ತರರು ಹೊರಟುಹೋದರು.

ನಾಲ್ಕನೆಯ ದಿನ ನೇಕಾರ ಶಾಲೆಗೆ ಬಂದ. ಬಯ್ಯಲು ಬಂದಿದ್ದಾನೆ ಅಂದುಕೊಂಡು, ಬಯ್ಯಿಸಿಕೊಳ್ಳಲು ತಯಾರಾಗಿ ನಿಂತೆ. ಬಯ್ದಿದ್ದರೆ ಚೆನ್ನಾಗಿತ್ತು. ಅವನು ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು, ಚಪ್ಪಲಿ ನೋಡುತ್ತ ಮಾತಾಡಿದ. ಮಗಳು ಅಡುಗೆ ಮಾಡುತ್ತಾಳೆ, ಕಂಡಿಕೆ ಸುತ್ತುತ್ತಾಳೆ, ಆದರೆ ಮಾತಿಲ್ಲ. ಅವತ್ತು ಶಾಲೆಯಿಂದ ಬಂದವಳು ಒಂದೇ ಒಂದು ಪ್ರಶ್ನೆ ಕೇಳಿದಳಂತೆ, ಅವ್ವನಿಗೆ ಗೊತ್ತಿತ್ತೇ ಎಂದು. ಅವನು ಏನೂ ಹೇಳಲಿಲ್ಲವಂತೆ.

ನನಗೆ ಹೇಳಿದ. ಮದುವೆ ಗೊತ್ತಾದಾಗ ಅಸಲು ರೇಷ್ಮೆ ಹಾಕಿಯೇ ನೇಯ್ದು ತರುತ್ತೇನೆ ಎಂದು ಹುಡುಗಿಯ ಕಡೆಯವರಿಗೆ ಮಾತು ಕೊಟ್ಟಿದ್ದ. ರೇಷ್ಮೆ ಹೊಂದಿಸಲು ಆಗಲಿಲ್ಲ. ಮುಹೂರ್ತ ಹತ್ತಿರ ಬಂತು, ಚಮಕಾ ಹಾಕಿ ನೇಯ್ದ. ಮುಂದೆ ಒಂದು ಖರೆ ರೇಷ್ಮೆಯ ಸೆರಗು ನೇಯ್ದು ಕೊಟ್ಟು ಆಗ ಹೇಳಿಬಿಡೋಣ, ನಕ್ಕುಬಿಡೋಣ ಅಂದುಕೊಂಡಿದ್ದ. ವರ್ಷಕ್ಕೊಂದು ನೆಪ ಬಂತು. ಆಮೇಲೆ ಅವಳೇ ಹೋದಳು.

“ಎಷ್ಟ ಮಂದಿಗೆ ರೇಷ್ಮಿ ನೇಯ್ದೇನ್ರಿ ಸರ. ಮನ್ಯಾಕಿಗೆ ಒಂದ ನೇಯಾಕ ಆಗಲಿಲ್ಲ.” ಆಮೇಲೆ ತಡೆದು ತಡೆದು ಅಂದ: “ನಿಮ್ಮ ಪರೀಕ್ಷಾನ ತಪ್ಪಾಗಿತ್ತಂತ ಆಕಿಗೆ ಒಂದ ಮಾತ ಹೇಳ್ರಿ. ಮಾಸ್ತರ್ರ ಮಾತು ನಂಬತಾಳ.”

ಯೋಚಿಸುತ್ತೇನೆ ಎಂದು ಕಳಿಸಿದೆ. ಎರಡು ದಿನ ನಿಜವಾಗಿಯೂ ಯೋಚಿಸಿದೆ. ಸುಳ್ಳು ಹೇಳುವುದೋ ಬಿಡುವುದೋ ಎಂಬುದಲ್ಲ, ಆ ಮನೆಯಲ್ಲಿ ನಾನು ಮುರಿದದ್ದನ್ನು ನಾನೇ ಕೂಡಿಸಬೇಕು ಎಂಬ ಹಟ ಹಿಡಿದಿತ್ತು. ಬರೀ ಮಾತು ಸಾಲದು ಅನಿಸಿತು. ಅವಳು ಕಣ್ಣಾರೆ ನೋಡಿ ಕಳೆದುಕೊಂಡಿದ್ದಾಳೆ, ಕಣ್ಣಾರೆ ನೋಡಿಯೇ ತಿರುಗಿ ಪಡೆಯಬೇಕು. ಮೂರನೆಯ ದಿನ, ಮಾಡಿದ ತಪ್ಪಿಗೆ ಬಹುಮಾನ ಬಂದಂತೆ, ರೇಷ್ಮೆಯ ಲಡಿ ಬಂತು. ಕೆಂಪು ಬಣ್ಣದ್ದೇ.

ನನ್ನ ಕೈಕೆಲಸದ ಜಾಣತನವನ್ನೆಲ್ಲ ಆ ಸುಳ್ಳಿಗೆ ಹಾಕಿದೆ. ಹೊಸ ರೇಷ್ಮೆಗೆ ಹೊಳಪು ಜಾಸ್ತಿ. ಅದಕ್ಕೆ ತೆಳ್ಳನೆಯ ಗಂಜಿಯಲ್ಲಿ ಅದ್ದಿ ಒಣಗಿಸಿದೆ. ಬಣ್ಣ ಮಾಸಲೆಂದು ಎರಡು ದಿನ ಕಿಟಕಿಯ ಬಿಸಿಲಿಗೆ ಇಟ್ಟೆ. ರಟ್ಟಿನ ಚೂರಿನಿಂದ ಅವಳ ಅವ್ವನ ಎಳೆಯನ್ನು ಬಿಚ್ಚಿ ತೆಗೆದು, ಅವಳದೇ ಅಕ್ಷರವಿದ್ದ ಅದೇ ರಟ್ಟಿಗೆ ಇದನ್ನು ಸುತ್ತಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳನ್ನು ಕರೆದೆ. ಅವತ್ತು ಎಳೆಗೆ ಗಂಜಿ ಇತ್ತು, ಗಂಜಿ ಉರಿದದ್ದನ್ನು ನಾನು ಎಳೆ ಉರಿಯಿತು ಅಂದುಕೊಂಡೆ, ಈಗ ತೊಳೆದು ಮತ್ತೊಮ್ಮೆ ನೋಡೋಣ ಅಂದೆ. ಕೇಳಿದರೆ ಯಾರೂ ನಂಬುವಂಥ ಮಾತು. ಅವಳ ಮುಖದಲ್ಲಿ ಒಂದು ಕ್ಷಣ ಆಸೆ ಕಂಡಿತು.

ರಟ್ಟಿನಿಂದ ಒಂದು ತುಂಡು ಕತ್ತರಿಸಿ, ನೀರಿನಲ್ಲಿ ತೊಳೆದು, ಒತ್ತುಕಾಗದದ ಮೇಲೆ ಒಣಗಿಸಿ, ಬತ್ತಿ ಹಚ್ಚಿದೆ. ಎಳೆ ಉರಿಯಿಂದ ಹಿಂದೆ ಸರಿಯಿತು. ಸುರುಟಿಕೊಂಡಿತು. ಕೂದಲು ಸುಟ್ಟ ವಾಸನೆ ಬಂತು. ನೋಡಿದೆಯಾ, ರೇಷ್ಮೆ, ನಾನೇ ತಪ್ಪು ಮಾಡಿದ್ದೆ ಅಂದೆ.

ಅವಳು ಉಂಡೆಯನ್ನು ಮುಟ್ಟಲಿಲ್ಲ. ರಟ್ಟನ್ನು ಕೈಗೆತ್ತಿಕೊಂಡು, ಉಳಿದ ಎಳೆಯಲ್ಲಿ ಒಂದಿಷ್ಟು ಬಿಡಿಸಿ, ಬಿಳಿ ಹಾಳೆಯ ಮೇಲೆ ಇಟ್ಟು, ಭೂತಗನ್ನಡಿ ಹಿಡಿದಳು. ನಾನು ಕಲಿಸಿದ ಕ್ರಮವೇ ಅದು. ಮೊದಲು ನೋಡಬೇಕು, ಆಮೇಲೆ ನೆನೆಸಬೇಕು, ಕೊನೆಗೆ ಸುಡಬೇಕು. ಅವಸರದಲ್ಲಿ ಮೊದಲನೆಯದನ್ನು ನಾನೇ ಬಿಟ್ಟಿದ್ದೆ.

“ಈ ಎಳಿ ನೆಟ್ಟಗ ಐತ್ರಿ ಸರ್,” ಅಂದಳು. “ಇದು ಯಾವ ಸೀರ್‍ಯಾಗೂ ಕುಂತಿಲ್ಲ.”

ಬಣ್ಣ ಮಾಸಿಸಿದ್ದೆ, ಹೊಳಪು ಇಳಿಸಿದ್ದೆ, ಅಲೆಯನ್ನು ಮರೆತಿದ್ದೆ. ಹುಟ್ಟು ನೇಕಾರನಾದರೆ ಮರೆಯುತ್ತಿರಲಿಲ್ಲ. ಕಲ್ಲಿನವರ ಮಗ ನಾನು, ನೂಲಿನ ಪಾಠವನ್ನು ಬಾಯಿಪಾಠ ಮಾಡಿ ಹೇಳಿದವನು. ಹೀಗೆ ಮಾಡಿರೆಂದು ಅಪ್ಪ ಬಂದು ಹೇಳಿದ್ದನೇ ಎಂದು ಕೇಳಿದಳು. ಹೌದೆಂದು ತಲೆ ಆಡಿಸಿದೆ.

ಅವಳು ಭೂತಗನ್ನಡಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ನನ್ನನ್ನು ನೋಡದೆ ಹೇಳಿದಳು: “ಸಣ್ಣಾಕಿ ಇದ್ದಾಗ ಅವ್ವನ ಸೆರಗ ಹಿಂಡಿ ನೋಡಿದ್ನಿರಿ. ಕಿರ್ ಅನ್ನಲಿಲ್ಲ. ಯಾಕಂತ ಕೇಳಿದ್ದಕ್ಕ, ಹಳೇ ರೇಷ್ಮಿ ಮೂಕಾಗತೈತಿ ಅಂದ್ಲು. ನಾ ಅದನ್ನ ಖರೆ ಅಂದ್ಕೊಂಡಿದ್ನಿ.”

ಅಷ್ಟು ಹೇಳಿ ಸ್ವಲ್ಪ ಹೊತ್ತು ನಿಂತಳು. ನಾನು ಅರ್ಥ ಮಾಡಿಕೊಳ್ಳಲಿ ಎಂದು ನಿಂತಳೇನೋ. ದಿನವೂ ಕಂಡಿಕೆ ಸುತ್ತುತ್ತಿದ್ದ ಹೆಂಗಸು, ಹಿಂಡಿ ನೋಡಿ ಅಸಲು ನಕಲು ಹೇಳುವ ಹೆಂಗಸು, ಆ ಸೆರಗನ್ನು ತಲೆಯ ಮೇಲೆ ಹೊದ್ದ ದಿನವೇ ಅವಳಿಗೆ ತಿಳಿದಿತ್ತು. ತಿಳಿದೂ ಓಣಿಯ ಹೆಂಗಸರ ಮುಂದೆ ಅಸಲು ರೇಷ್ಮೆ ಎಂದು ಉಟ್ಟು ಓಡಾಡಿದಳು. ಮಗಳಿಗೂ ಬಿಟ್ಟುಕೊಡದೆ ಹೋದಳು.

“ಅವ್ವ ಅಪ್ಪನ ಮಾನ ಅಷ್ಟ ವರ್ಷ ಕಾಯ್ದಿದ್ಲ್ರಿ,” ಅಂದಳು ಹುಡುಗಿ. “ನೀವು ಒಂದ ಬತ್ತಿಗೆ ಹಿಡದ್ರಿ.”

ಬಾಗಲಕೋಟೆಗೆ ಅವಳು ಬರಲಿಲ್ಲ. ಹಲಗೆಯ ಮುಂದೆ ಬೇರೊಬ್ಬ ಹುಡುಗಿ ನಿಂತು ಬಾಯಿಪಾಠ ಒಪ್ಪಿಸಿದಳು. ರೇಷ್ಮೆಯ ಚೀಟಿಯ ಕೆಳಗೆ ಲಡಿಯ ಎಳೆಯಿತ್ತು, ನೆಟ್ಟಗೆ. ಬಂದವರು ಹೊಗಳಿದರು. ಮುಂದಿನ ವರ್ಷ ಅವಳು ನನ್ನ ವಿಷಯ ಬಿಟ್ಟು ಬೇರೆಯದನ್ನು ತೆಗೆದುಕೊಂಡಳು. ಎದುರಾದರೆ ನಮಸ್ಕಾರ ಅನ್ನುತ್ತಾಳೆ, ನಿಲ್ಲುವುದಿಲ್ಲ. ಜವಳಿ ಡಿಪ್ಲೊಮಾದ ಮಾತನ್ನು ಮತ್ತೆ ಯಾರೂ ಎತ್ತಿದಂತಿಲ್ಲ. ಗೋಡೆಯ ಮೇಲಿನ ಆ ಮಾತನ್ನು ನಾನೇ ಕಿತ್ತು ತೆಗೆದೆ, ಅಂಟಿನ ಜೊತೆ ಸುಣ್ಣವೂ ಕಿತ್ತು ಬಂತು.

ಕೆಲವು ತಿಂಗಳ ಮೇಲೆ ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನೇಕಾರ ಸಿಕ್ಕ. ಹುನಗುಂದಕ್ಕೆ ಹೊರಟಿದ್ದ. ನನ್ನನ್ನು ಕಂಡು ತಾನೇ ಎದ್ದು ಬಂದು ಕೈ ಹಿಡಿದುಕೊಂಡ. ಮೊದಲಿಗಿಂತ ಹಗುರಾಗಿದ್ದ, ಮುಖಕ್ಕೆ ಕಳೆ ಬಂದಿತ್ತು. ಮಗಳು ಆ ಎರಡನೆಯ ಪರೀಕ್ಷೆಯ ದಿನವೇ ಸಂಜೆ ಮನೆಗೆ ಬಂದು, ಅಪ್ಪಾ, ಗಂಜಿ ಇದ್ದದ್ದಕ್ಕೆ ಹಾಗಾಗಿತ್ತಂತೆ, ಸರ್ ಮತ್ತೊಮ್ಮೆ ಮಾಡಿ ತೋರಿಸಿದರು, ರೇಷ್ಮೆಯೇ ಎಂದು ಹೇಳಿದಳಂತೆ. ಸೀರೆಯನ್ನು ತಾನೇ ಟ್ರಂಕಿನಲ್ಲಿ ಇಟ್ಟಳಂತೆ. ಈಗ ಮೊದಲಿನಂತೆ ಮಾತಾಡುತ್ತಾಳಂತೆ, ನಗುತ್ತಾಳಂತೆ.

“ಉಪಕಾರ ಆತ್ರಿ ಸರ,” ಅಂದ. “ಅವರವ್ವಗೂ ಗೊತ್ತಾಗಲಿಲ್ಲ, ಈಕಿಗೂ ಗೊತ್ತಾಗಲಿಲ್ಲ. ನಾ ಒಬ್ಬಾವ ಹೊತ್ಕೊಂಡ ಹೋಗ್ತೇನಿ, ಅಷ್ಟ ಸಾಕು.”

ಅವನ ಕೈ ನನ್ನ ಕೈಯಲ್ಲಿ ಇತ್ತು. ಬೆರಳುಗಳ ಸಂದಿಯಲ್ಲಿ ನೂಲು ಹಾಯ್ದು ಹಾಯ್ದು ಬಿದ್ದ ಗೆರೆಗಳು ನನಗೆ ತಾಗುತ್ತಿದ್ದವು. ಹೌದ್ರಿ ಅಂದೆ. ಬಸ್ಸು ಬಂತು, ಹತ್ತಿದ, ಕಿಟಕಿಯಿಂದ ಇನ್ನೊಮ್ಮೆ ಕೈ ಎತ್ತಿದ.

ಅವನ ಹೆಂಡತಿಯ ಎಳೆ ನನ್ನ ಬಳಿಯೇ ಇದೆ, ಭೂತಗನ್ನಡಿಯ ಪೆಟ್ಟಿಗೆಯಲ್ಲಿ. ಅದರ ಅಲೆ ಹೋಗಿಲ್ಲ. ಮಗಳಿಗೆ ತಿರುಗಿ ಕೊಟ್ಟರೆ, ಅದು ಅಪ್ಪನ ಕಣ್ಣಿಗೆ ಬಿದ್ದ ದಿನ ಅವಳು ಅವನಿಗಾಗಿ ಹೇಳಿದ ಸುಳ್ಳು ಬಯಲಾಗುತ್ತದೆ. ಹಾಗಾಗಿ ನಾನೂ ಸುಮ್ಮನಿದ್ದೇನೆ.